ಬುಲೆಟ್ ಪ್ರೂಫ್ ಜಾಕೆಟ್‌ನ ಲೇಬಲ್ ಓದುವುದು ಹೇಗೆ

ಬುಲೆಟ್ ಪ್ರೂಫ್ ಎನ್ನುವುದು ಬಾಯಿಮಾತಿನ ರೂಢಿ. ಎಲ್ಲ ಗುಂಡುಗಳನ್ನೂ ತಡೆಯುವ ಜಾಕೆಟ್ ಎಲ್ಲೂ ಇಲ್ಲ. ಇಂಥ ಗುಂಡು, ಇಷ್ಟು ತೂಕ, ಇಷ್ಟು ವೇಗ ಎಂದು ಮೊದಲೇ ಗೊತ್ತುಮಾಡಿ, ಅದೇ ಗುಂಡನ್ನು ಹೊಡೆದು ನೋಡಿ ಜಾಕೆಟ್‌ಗೆ ಲೆವೆಲ್ ಕೊಡುತ್ತಾರೆ. ಆದ್ದರಿಂದ ಲೆವೆಲ್ ಕಂಡ ಕೂಡಲೇ "ಇದು ಯಾವ ಗುಂಡಿಗೆ?" ಎಂದು ಕೇಳಬೇಕು.

ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಜಸ್ಟಿಸ್, ಅಂದರೆ ಎನ್‌ಐಜೆ ರೂಪಿಸಿದ ಮಾನದಂಡ. ಅದರ 2008ರ 0101.06 ಆವೃತ್ತಿಯಲ್ಲಿ ಐದು ಲೆವೆಲ್‌ಗಳಿವೆ: 2ಎ, 2, 3ಎ, 3, 4. ಲೇಬಲ್ ಮೇಲೆ ಇವು ರೋಮನ್ ಅಂಕಿಯಲ್ಲಿರುತ್ತವೆ. ಮೊದಲ ಮೂರು ಪಿಸ್ತೂಲು, ರಿವಾಲ್ವರ್ ಗುಂಡುಗಳಿಗೆ. ಲೆವೆಲ್ 2ರ ಹೊಸ ಪ್ಯಾನೆಲ್‌ಗೆ, ಅಂದರೆ ಜಾಕೆಟ್ಟಿನೊಳಗಿನ ಗುಂಡು ತಡೆಯುವ ಮೆತ್ತನೆ ಪದರಕ್ಕೆ, 8 ಗ್ರಾಂ ತೂಕದ 9 ಎಂಎಂ ಗುಂಡನ್ನು ಸೆಕೆಂಡಿಗೆ 398 ಮೀಟರ್ ವೇಗದಲ್ಲೂ .357 ಮ್ಯಾಗ್ನಮ್ ಗುಂಡನ್ನು 436 ಮೀಟರ್ ವೇಗದಲ್ಲೂ ಹೊಡೆಯುತ್ತಾರೆ. 3ಎ ಆದರೆ .357 ಸಿಗ್ 448 ಮೀಟರ್, .44 ಮ್ಯಾಗ್ನಮ್ 436 ಮೀಟರ್. ಕೊನೆಯ ಎರಡು ರೈಫಲ್‌ಗೆ, ಅಂದರೆ ಗಟ್ಟಿ ಪ್ಲೇಟ್‌ಗಳು: ಲೆವೆಲ್ 3ಕ್ಕೆ 7.62 ಎಂಎಂ ಎಂ80 ಗುಂಡು 847 ಮೀಟರ್ ವೇಗದಲ್ಲಿ, ಲೆವೆಲ್ 4ಕ್ಕೆ ಉಕ್ಕಿನ ತಿರುಳಿನ .30-06 ಎಂ2 ಎಪಿ ಗುಂಡು 878 ಮೀಟರ್ ವೇಗದಲ್ಲಿ.

ಮೋಸಹೋಗುವುದು ಲೆವೆಲ್ 3ರಲ್ಲೇ ಹೆಚ್ಚು. ರೈಫಲ್ ಪ್ಲೇಟ್ ಅಂದಮೇಲೆ ಎಲ್ಲ ರೈಫಲ್‌ಗೂ ಆಯಿತು ಅಂದುಕೊಳ್ಳುತ್ತಾರೆ. 5.56 ಎಂಎಂ ಎಂ193 ಗುಂಡು ಹಗುರ, ಆದರೆ ಅತಿ ವೇಗದ್ದು. ಎಂ80 ತಡೆದ ಕೆಲವು ಉಕ್ಕಿನ ಪ್ಲೇಟ್‌ಗಳನ್ನು ಅದು ತೂರಿಬಿಡುತ್ತದೆ. ಎಂ855 ಗುಂಡಿನ ಮೂತಿಯೊಳಗೆ ಉಕ್ಕಿನ ತುಂಡಿದೆ; ಬರೀ ಪಾಲಿಎಥಿಲೀನ್‌ನಿಂದ ಮಾಡಿದ ಕೆಲವು ಪ್ಲೇಟ್‌ಗಳು ಅದರ ಮುಂದೆ ನಿಲ್ಲುವುದಿಲ್ಲ. ಈ ಕೊರತೆ ಮುಚ್ಚಲು ಮಾರುವವರು "3 ಪ್ಲಸ್" ಎಂದು ಬರೆಯುತ್ತಾರೆ. ಎನ್‌ಐಜೆಯಲ್ಲಿ ಹಾಗೊಂದು ಲೆವೆಲ್ಲೇ ಇಲ್ಲ. ಯಾವ ಗುಂಡು, ಯಾವ ವೇಗ, ಒಂದೇ ಪ್ಲೇಟ್‌ಗೆ ಎಷ್ಟು ಏಟು ಎಂಬುದಿರುವ ಪರೀಕ್ಷಾ ವರದಿ ಕೇಳಿ. ಕೊಡದಿದ್ದರೆ ಆ ಪ್ಲೇಟ್ ಬೇಡ.

2023ರ 0101.07 ಆವೃತ್ತಿ ಹೆಸರುಗಳನ್ನೇ ಬದಲಿಸಿ ಈ ಗೊಂದಲವನ್ನು ಸಾಕಷ್ಟು ಬಿಡಿಸಿದೆ. ಗುಂಡುಗಳ ಪಟ್ಟಿ 0123.00 ಎಂಬ ಬೇರೆ ದಾಖಲೆಯಲ್ಲಿದೆ. ಎಚ್‌ಜಿ ಅಂದರೆ ಹ್ಯಾಂಡ್‌ಗನ್, ಆರ್‌ಎಫ್ ಅಂದರೆ ರೈಫಲ್. ಹಳೆಯ 2 ಈಗ ಎಚ್‌ಜಿ1, 3ಎ ಈಗ ಎಚ್‌ಜಿ2. ಆರ್‌ಎಫ್1 ಹಳೆಯ 3ರ ಜಾಗದಲ್ಲಿದೆ, ಆದರೆ ಎಂ80 ಜೊತೆಗೆ 7.62x39 ಮತ್ತು ಎಂ193 ಗುಂಡುಗಳನ್ನೂ ತಡೆಯಬೇಕು. ಆರ್‌ಎಫ್2 ಇವುಗಳ ಮೇಲೆ ಎಂ855 ಅನ್ನೂ ತಡೆಯಬೇಕು. ಆರ್‌ಎಫ್3 ಅಂದರೆ ಹಳೆಯ 4. ಹಳೆಯ 2ಎ ಕೈಬಿಟ್ಟಿದ್ದಾರೆ.

ಪರೀಕ್ಷೆಯ ಕ್ರಮ ತಿಳಿದರೆ ಲೆವೆಲ್‌ನ ಮಿತಿಯೂ ತಿಳಿಯುತ್ತದೆ. ಪ್ಯಾನೆಲ್ಲಿನ ಹಿಂದೆ ಮೆತ್ತನೆಯ ಕೃತಕ ಜೇಡಿಮಣ್ಣಿನ ದಿಮ್ಮಿ ಇಡುತ್ತಾರೆ. ಮಣ್ಣು ಹದವಾಗಿದೆಯೇ ಎಂದು ನೋಡಲು ಸುಮಾರು 1 ಕೆಜಿ ತೂಕದ ಉಕ್ಕಿನ ಚೆಂಡನ್ನು 2 ಮೀಟರ್ ಎತ್ತರದಿಂದ ಬೀಳಿಸುತ್ತಾರೆ. ತಗ್ಗು 19 ಎಂಎಂ ಆಸುಪಾಸು ಬಂದರೆ ಹದ ಸರಿ. ಆಮೇಲೆ ಗುಂಡು ಹಾರಿಸುತ್ತಾರೆ. ಗುಂಡು ತೂರಬಾರದು, ಮಣ್ಣಿನಲ್ಲಿ ಬಿದ್ದ ತಗ್ಗು 44 ಎಂಎಂ ಮೀರಬಾರದು. ನಿಮ್ಮ ಎದೆಯ ಕಡೆಗೆ ನಾಲ್ಕು ಸೆಂಟಿಮೀಟರ್ ಉಬ್ಬು ಬಂದರೂ ಜಾಕೆಟ್ ಪಾಸ್! ಪಕ್ಕೆಲುಬು ಮುರಿಯಬಹುದು, ಒಳಗೆ ರಕ್ತಸ್ರಾವವಾಗಬಹುದು. ಗುಂಡು ಒಳಹೋಗದಿದ್ದರೂ ಏಟು ತಿಂದವರನ್ನು ಆಸ್ಪತ್ರೆಗೆ ಒಯ್ಯಲೇಬೇಕು.

ಚೂರಿ ಬೇರೆ ಲೆಕ್ಕ. ಗುಂಡು ತಡೆಯುವ ನೇಯ್ಗೆಯ ಎಳೆಗಳ ನಡುವೆ ಮೊನಚಾದ ಸಲಾಕೆ ಸಲೀಸಾಗಿ ನುಸುಳುತ್ತದೆ. ಅದಕ್ಕೆ ಎನ್‌ಐಜೆ 0115.00 ಇದೆ: ಲೆವೆಲ್ 1, 2, 3ಕ್ಕೆ ಕ್ರಮವಾಗಿ 24, 33, 43 ಜೂಲ್ ಶಕ್ತಿಯ ಇರಿತ, ಅಲಗು 7 ಎಂಎಂ ಮೀರಿ ಆಚೆ ಬರಬಾರದು. ಅಲಗಿಗೂ ಸಲಾಕೆಗೂ ಪ್ರತ್ಯೇಕ ವರ್ಗಗಳಿವೆ. ನಿಮಗೆ ಬೇಕಾದ್ದು ಲೇಬಲ್ಲಿನಲ್ಲಿದೆಯೇ ನೋಡಿ.

ಈಗ ಜಾಕೆಟ್ ಕೈಗೆತ್ತಿಕೊಳ್ಳಿ. ಹೊರಗಿನ ಬಟ್ಟೆಯ ಮೇಲಿನ ಚೀಟಿಯನ್ನು ನಂಬಬೇಡಿ. ಜಿಪ್ ತೆಗೆದು ಒಳಗಿನ ಪ್ಯಾನೆಲ್ ಹೊರಗೆಳೆಯಿರಿ, ಅಸಲಿ ಲೇಬಲ್ ಅದರ ಮೇಲಿರುತ್ತದೆ. ತಯಾರಕರ ಹೆಸರು, ಮಾದರಿ, ಲೆವೆಲ್, ಮಾನದಂಡದ ಪೂರ್ತಿ ಸಂಖ್ಯೆ, ತಯಾರಾದ ದಿನಾಂಕ, ಲಾಟ್ ಮತ್ತು ಸೀರಿಯಲ್ ಸಂಖ್ಯೆ ಇರಬೇಕು. ಮಾದರಿಯ ಹೆಸರನ್ನು ಎನ್‌ಐಜೆ ಪ್ರಕಟಿಸುವ ಅನುಮೋದಿತ ಪಟ್ಟಿಯಲ್ಲಿ ಹುಡುಕಿ. "ಎನ್‌ಐಜೆ ಪ್ರಕಾರ ಪರೀಕ್ಷಿಸಿದೆ" ಎಂಬುದು ತಯಾರಕರ ಮಾತು. ಪಟ್ಟಿಯಲ್ಲಿದ್ದರೆ ಮಾತ್ರ ಪ್ರಮಾಣಪತ್ರ ಇದ್ದಂತೆ. ಮೈಗೆ ತಾಗುವ ಮುಖ, ಗುಂಡು ಬೀಳುವ ಮುಖ ಯಾವುದೆಂದೂ ಬರೆದಿರುತ್ತದೆ. ಸೆರಾಮಿಕ್ ಪ್ಲೇಟ್ ತಿರುಗುಮುರುಗಾಗಿ ಹಾಕಿಕೊಂಡರೆ ಲೆವೆಲ್‌ಗೆ ಅರ್ಥವೇ ಉಳಿಯುವುದಿಲ್ಲ. ಪ್ಲೇಟ್ ಮೇಲೆ ಐಸಿಡಬ್ಲ್ಯು ಎಂದಿದ್ದರೆ ಅದು ಒಂಟಿಯಾಗಿ ಸಾಲದು, ಹೇಳಿದ ಮೆತ್ತನೆ ಪ್ಯಾನೆಲ್ ಹಿಂದೆ ಇರಲೇಬೇಕು.

ಪ್ಲೇಟಿನ ಮೇಲಂಚು ಕತ್ತಿನ ಬುಡದ ಕುಳಿಯ ಮಟ್ಟಕ್ಕೆ ಬರಬೇಕು. ಹೊಟ್ಟೆಯವರೆಗೆ ಜೋತುಬಿದ್ದ ಪ್ಲೇಟ್ ಹೃದಯದ ಮೇಲ್ಭಾಗವನ್ನೇ ಬಿಟ್ಟುಬಿಡುತ್ತದೆ.

ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಜೈಲಾನ್ ಎಂಬ ನೂಲಿನ ಜಾಕೆಟ್ ಧರಿಸಿದ್ದ ಪೊಲೀಸ್ ಅಧಿಕಾರಿಯೊಬ್ಬರಿಗೆ 2003ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಗುಂಡು ಜಾಕೆಟ್ ತೂರಿ ತಗುಲಿತು. ತೇವಕ್ಕೆ ಆ ನೂಲು ಸತ್ವ ಕಳೆದುಕೊಳ್ಳುತ್ತದೆಂದು ತಿಳಿದು 2005ರಲ್ಲಿ ಎನ್‌ಐಜೆ ಅದಕ್ಕೆ ಮಾನ್ಯತೆ ನಿಲ್ಲಿಸಿತು. ಕೆವ್ಲಾರ್ ನೂಲಿಗೆ ಬಿಸಿಲೂ ಬ್ಲೀಚೂ ವೈರಿ. ಮೆತ್ತನೆ ಪ್ಯಾನೆಲ್‌ಗೆ ಸಾಮಾನ್ಯವಾಗಿ 5 ವರ್ಷದ ವಾರಂಟಿ. ಒದ್ದೆ ಬಟ್ಟೆಯಿಂದ ಒರೆಸಿ, ನೆರಳಲ್ಲಿ ಮಟ್ಟಸವಾಗಿ ಮಲಗಿಸಿ ಆರಿಸಿ. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಮಡಚಿಡಬೇಡಿ. ಪಾಲಿಎಥಿಲೀನ್ ಪ್ಲೇಟನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬೇಡಿ. ಸೆರಾಮಿಕ್ ಪ್ಲೇಟ್ ಗಟ್ಟಿ ನೆಲಕ್ಕೆ ಬಿದ್ದರೆ ಬಟ್ಟೆಯ ಹೊದಿಕೆ ಚೆನ್ನಾಗಿಯೇ ಕಾಣುತ್ತದೆ, ಒಳಗೆ ಬಿರುಕು ಬಿಟ್ಟಿರಬಹುದು. ಬೆರಳಿನಿಂದ ತಟ್ಟಿ ಕೇಳುವುದರಿಂದ ಅದು ಖಾತ್ರಿಯಾಗುವುದಿಲ್ಲ; ಎಕ್ಸ್-ರೇ ಮಾಡಿಸಿ, ಆಗದಿದ್ದರೆ ಪ್ಲೇಟ್ ಬದಲಿಸಿ.