ನವೀಕರಿಸಿದ ಬಾಡಿಗೆ ಮನೆ: ಹೊಸ ಬಣ್ಣದ ಹಿಂದೆ ಏನಿದೆ, ನೋಡುವುದು ಹೇಗೆ?

ಹೊಸ ಬಣ್ಣ, ಹೊಳೆಯುವ ಟೈಲ್ಸ್, ಹೊಸ ಕಪಾಟು. ನವೀಕರಿಸಿದ ಫ್ಲ್ಯಾಟಿನ ಬಾಗಿಲು ತೆರೆದ ಕೂಡಲೇ ಮನಸ್ಸು ಒಪ್ಪಿಬಿಡುತ್ತದೆ. ಹಾಗೆ ಒಪ್ಪಿ ಮುಂಗಡ ಕೊಟ್ಟ ಒಂದು ಮನೆಯಲ್ಲಿ, ಮೊದಲ ಮಳೆಗಾಲ ಮುಗಿಯುವ ಮೊದಲೇ ಮಕ್ಕಳ ಕೋಣೆಯ ಮೂಲೆ ಬೂಷ್ಟು ಹಿಡಿದು ಕಪ್ಪಾಯಿತು. ಅಂದಿನಿಂದ ಮನೆ ನೋಡಲು ಹೋದಾಗಲೆಲ್ಲ ನಾನು ಹುಡುಕುವುದು, ನವೀಕರಣದ ಕೈ ಎಲ್ಲಿಗೆ ತಲುಪಿಲ್ಲ ಎಂಬುದನ್ನು.

ಮೊದಲು ಮಾಲೀಕರನ್ನು ನೇರವಾಗಿ ಕೇಳಿ: ನೀರಿನ ಪೈಪ್, ವೈರಿಂಗ್, ಬಚ್ಚಲಿನ ವಾಟರ್‌ಪ್ರೂಫಿಂಗ್, ಈ ಮೂರರಲ್ಲಿ ಯಾವುದನ್ನು ಬದಲಿಸಿದ್ದೀರಿ? ಉತ್ತರ ತಡವರಿಸಿದರೆ ಮುಂದಿನ ಪರೀಕ್ಷೆಗೆ ಇನ್ನಷ್ಟು ಸಮಯ ಕೊಡಿ.

ಎರಡನೆಯದು ತೇವ. ಇದಕ್ಕೆ ಅರ್ಧ ಗಂಟೆ ಹೋದರೂ ನಷ್ಟವಿಲ್ಲ. ಬಚ್ಚಲಿನ ಗೋಡೆಯ ಆಚೆ ಬದಿ, ಕಿಟಕಿಯ ಕೆಳಭಾಗ, ಕಪಾಟಿನ ಹಿಂಬದಿ, ಮೇಲಿನ ಮನೆಯ ಬಚ್ಚಲು ಬರುವ ಕಡೆಯ ಸೂರು, ನೀರು ಮೊದಲು ಕಾಣಿಸಿಕೊಳ್ಳುವುದು ಇಲ್ಲೆಲ್ಲ. ಮೊಬೈಲಿನ ಟಾರ್ಚನ್ನು ಗೋಡೆಗೆ ತಾಗಿಸಿ ಓರೆಯಾಗಿ ಬೆಳಕು ಬಿಡಿ. ನೇರ ಬೆಳಕಿನಲ್ಲಿ ನುಣುಪಾಗಿ ಕಂಡ ಬಣ್ಣದ ಉಬ್ಬುಗಳು ಆಗ ನೆರಳು ಚೆಲ್ಲುತ್ತವೆ. ಉಬ್ಬನ್ನು ಬೆರಳಿನಿಂದ ಮೆಲ್ಲನೆ ಒತ್ತಿ. ಸಿಪ್ಪೆಯಂತೆ ಬಿರಿದು ಬಿಳಿ ಪುಡಿ ಉದುರಿದರೆ ಅದು ಲವಣ. ಗೋಡೆಯೊಳಗಿನ ನೀರು ಮೇಲೆ ಬಂದು ಆರುವಾಗ ಬಿಟ್ಟುಹೋಗುವ ಗುರುತು ಅದು. ಒಂದೇ ಒಂದು ಗೋಡೆಗೆ ಮಾತ್ರ ಹೊಸ ಬಣ್ಣ ಬಳಿದಿದ್ದರೆ ಕಾರಣ ಕೇಳದೆ ಬರಬೇಡಿ.

ಹಾಗೆಯೇ ಟೈಲ್ಸನ್ನು ನಾಣ್ಯದಿಂದ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದ ಕಡೆ ಕೆಳಗೆ ಗಾರೆ ಸರಿಯಾಗಿ ಹಿಡಿದಿಲ್ಲ. ಬಚ್ಚಲಿನ ನೆಲಕ್ಕೆ ಒಂದು ತಂಬಿಗೆ ನೀರು ಸುರಿಯಿರಿ. ಅದು ಮೂಲೆಯಲ್ಲಿ ನಿಲ್ಲದೆ ಜಾಲರಿಯತ್ತ ಹರಿಯಬೇಕು.

ನಂತರ ಅಡುಗೆಮನೆಯ ನಲ್ಲಿ ಮತ್ತು ಶವರ್ ಎರಡನ್ನೂ ಒಟ್ಟಿಗೆ ತೆರೆದು ಫ್ಲಶ್ ಮಾಡಿ. ಶವರಿನ ನೀರು ತೀರಾ ಸಣ್ಣದಾದರೆ, ಹೊಸ ನಲ್ಲಿಯ ಹಿಂದೆ ಒಳಗೆ ತುಕ್ಕು ಕಟ್ಟಿದ ಹಳೆಯ ಕಬ್ಬಿಣದ ಪೈಪ್ ಇರುವ ಸಾಧ್ಯತೆ ಇದೆ. ಬಹುಕಾಲ ಖಾಲಿ ಬಿದ್ದಿದ್ದ ಮನೆಯ ಚರಂಡಿ ಕಿಂಡಿಯಿಂದ ವಾಸನೆ ಬರುವುದು ಸಹಜ, ವಾಸನೆಯನ್ನು ತಡೆಯುವ ಒಳಗಿನ ಬಾಗುಪೈಪಿನ ನೀರು ಆರಿರುತ್ತದೆ. ನೀರು ಹಾಕಿದ ಮೇಲೂ ಹೋಗದ ವಾಸನೆ ಮಾತ್ರ ಸಹಜವಲ್ಲ.

ವಿದ್ಯುತ್ ಪೆಟ್ಟಿಗೆ ತೆರೆದು ನೋಡಿ. ಹೊರೆ ಹೆಚ್ಚಾದರೆ ತಾನಾಗಿ ಆಫ್ ಆಗುವ ಸ್ವಿಚ್‌ಗಳಾದ ಎಂಸಿಬಿಗಳ ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇರಲೇಬೇಕು ಎಂದು ನಾನು ಹಟ ಹಿಡಿಯುತ್ತೇನೆ; ಸೋರಿಕೆ ವಿದ್ಯುತ್ ಮೈಗೆ ತಾಗಿದಾಗ ಕ್ಷಣದಲ್ಲಿ ಸಂಪರ್ಕ ಕಡಿಯುವ ಸಾಧನ ಅದು. ಅದರ ‘ಟಿ’ ಗುಂಡಿ ಒತ್ತಿದ ತಕ್ಷಣ ಸ್ವಿಚ್ ಕೆಳಗೆ ಬೀಳಬೇಕು. ಆದರೆ ಅರ್ಥಿಂಗ್ ಸರಿಯಿದೆಯೇ ಎಂಬುದು ಆ ಗುಂಡಿಯಿಂದ ತಿಳಿಯುವುದಿಲ್ಲ, ಅದಕ್ಕೆ ಎಲೆಕ್ಟ್ರಿಷಿಯನ್ ಬೇಕು.

ಇನ್ನು ಮಕ್ಕಳ ಎತ್ತರಕ್ಕೆ ಬಗ್ಗಿ ಮನೆಯನ್ನು ನೋಡಿ. ನಿಜವಾಗಿಯೂ ಮೊಣಕಾಲೂರಿ ನೋಡಿ. ಬಾಲ್ಕನಿಯ ಸರಳುಗಳ ನಡುವಿನ ಅಂತರ 10 ಸೆಂಟಿಮೀಟರ್‌ಗಿಂತ ಹೆಚ್ಚಿರಬಾರದು. ಅಡ್ಡ ಸರಳುಗಳಿದ್ದರೆ ಮಗುವಿಗೆ ಅದು ಏಣಿ. ಕಿಟಕಿ ಪರದೆಯ ಜೋತಾಡುವ ದಾರವನ್ನು ಎತ್ತರಕ್ಕೆ ಕಟ್ಟಿಸಿ. ಗೀಸರ್ 60 ಡಿಗ್ರಿಗೆ ಇದ್ದರೆ ಇಳಿಸಿ, ಆ ನೀರು ಕೆಲವೇ ಕ್ಷಣಗಳಲ್ಲಿ ಎಳೆಯ ಚರ್ಮವನ್ನು ಸುಡುತ್ತದೆ.

ಹಳೆಯ ಕಟ್ಟಡವಾದರೆ ಬಾಗಿಲು, ಕಿಟಕಿ ಚೌಕಟ್ಟಿನ ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಅದನ್ನು ಒದ್ದೆ ಮಾಡದೆ ಉಜ್ಜಿ ತೆಗೆದಿದ್ದರೆ ಧೂಳು ಮೂಲೆಮೂಲೆಯಲ್ಲೂ ಕೂತಿರುತ್ತದೆ. ರಕ್ತದಲ್ಲಿ ಸೀಸಕ್ಕೆ ಸುರಕ್ಷಿತ ಮಟ್ಟ ಎಂಬುದು ತಿಳಿದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದ್ದರಿಂದ ಸಾಮಾನು ತರುವ ಮೊದಲೇ ಇಡೀ ಮನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿಸಿ, ಗುಡಿಸಬೇಡಿ. ಹೊಸ ಪ್ಲೈವುಡ್ ಕಪಾಟಿನ ಘಾಟು ಕಣ್ಣು ಉರಿಸುತ್ತಿದ್ದರೆ ಅದು ಬಹುಶಃ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಎಂಬ ಅನಿಲ. ಕಪಾಟು, ಕಿಟಕಿ ಎಲ್ಲವನ್ನೂ ಕೆಲವು ದಿನ ತೆರೆದಿಡಿ. ನವೀಕರಣ ಮುಗಿದ ಮರುದಿನವೇ ಕೂಸಿನೊಂದಿಗೆ ಒಳಹೊಗುವ ಅವಸರ ಬೇಡ.

ಸಂಜೆ ಮತ್ತೊಮ್ಮೆ ಬನ್ನಿ. ಆಟದ ಜಾಗದಲ್ಲಿ ಮಕ್ಕಳಿದ್ದಾರೆಯೇ, ಕಾರುಗಳು ನಿಂತಿವೆಯೇ? ಮೆಟ್ಟಿಲಿನಿಂದ ಅಲ್ಲಿಗೆ ಹೋಗುವಾಗ ವಾಹನದ ದಾರಿ ದಾಟಬೇಕೇ? ಲಿಫ್ಟ್ ಎಷ್ಟು ಸಲ ಕೆಡುತ್ತದೆ ಎಂಬುದನ್ನು ಮೇಲಿನ ಮಹಡಿಯವರಲ್ಲಿ ಕೇಳಿ.

ಕಂಡ ಕುಂದುಗಳನ್ನೆಲ್ಲ ಪಟ್ಟಿ ಮಾಡಿ, ಯಾವುದನ್ನು ಯಾರು ಯಾವ ದಿನಾಂಕದೊಳಗೆ ಸರಿಪಡಿಸಬೇಕು ಎಂಬುದನ್ನು ಕರಾರುಪತ್ರದಲ್ಲೇ ಬರೆಸಿ. ಬಾಯಿಮಾತು ಸಾಲದು. ಕೀಲಿಕೈ ಪಡೆದ ದಿನ, ಒಂದು ಪೆಟ್ಟಿಗೆಯನ್ನೂ ಒಳಗಿಡುವ ಮೊದಲು, ಪ್ರತಿ ಗೋಡೆ, ನೆಲ, ನಲ್ಲಿ ಮತ್ತು ಮೀಟರಿನ ಅಂಕಿ ಕಾಣುವಂತೆ ವಿಡಿಯೊ ತೆಗೆದು ಅಂದೇ ಮಾಲೀಕರಿಗೂ ಕಳುಹಿಸಿ.