ಎಲ್ಲೆಡೆ ಸರಿಯಾಗಿ ಕಾಣುವ ಇಮೇಲ್‌ಗೆ ಟೇಬಲ್ಲೇ ಆಧಾರ

ಬ್ರೌಸರ್‌ನಲ್ಲಿ ಅಚ್ಚುಕಟ್ಟಾಗಿ ಕಾಣುವ ಇಮೇಲ್ ವಿನ್ಯಾಸವು ವಿಂಡೋಸ್‌ನ ಕ್ಲಾಸಿಕ್ ಔಟ್‌ಲುಕ್‌ನಲ್ಲಿ ಚೆಲ್ಲಾಪಿಲ್ಲಿಯಾಗಲು ಮುಖ್ಯ ಕಾರಣವೆಂದರೆ, 2007ರ ಆವೃತ್ತಿಯಿಂದ ಅದು ಎಚ್‌ಟಿಎಂಎಲ್ (ವೆಬ್ ಪುಟ, ಇಮೇಲ್‌ಗಳ ವಿನ್ಯಾಸ ಬರೆಯುವ ಸಂಕೇತ ಭಾಷೆ) ಪುಟವನ್ನು ಮೈಕ್ರೋಸಾಫ್ಟ್ ವರ್ಡ್‌ನ ಎಂಜಿನ್ ಮೂಲಕ ತೋರಿಸುತ್ತದೆ. ಪುಟದ ಭಾಗಗಳನ್ನು ಜೋಡಿಸುವ ಫ್ಲೆಕ್ಸ್‌ಬಾಕ್ಸ್, ಗ್ರಿಡ್, ಗರಿಷ್ಠ ಅಗಲವನ್ನು ನಿಗದಿಪಡಿಸುವ ಮ್ಯಾಕ್ಸ್-ವಿಡ್ತ್ ಯಾವುದೂ ಅದಕ್ಕೆ ತಿಳಿಯದು. ಹೀಗಾಗಿ ಚೌಕಟ್ಟನ್ನು ಸುಮಾರು 600 ಪಿಕ್ಸೆಲ್ ಅಗಲದ ಟೇಬಲ್‌ನಿಂದ ಕಟ್ಟಿ, ಅಂತರವನ್ನು ಡಿವ್‌ಗೆ (ಪುಟದ ಸಾಮಾನ್ಯ ವಿಭಾಗ) ಕೊಡದೆ ಟಿಡಿಗೆ (ಟೇಬಲ್‌ನ ಒಂದು ಕೋಶ) ಪ್ಯಾಡಿಂಗ್ (ಅಂಚಿನೊಳಗಿನ ಖಾಲಿ ಜಾಗ) ಆಗಿ ಕೊಡುವುದು ಕ್ಷೇಮ. ಇಂದಿನ ವೆಬ್ ವಿನ್ಯಾಸಕರಿಗೆ ಇದು ಹಳೆಯ ಕಾಲಕ್ಕೆ ಮರಳಿದಂತೆ ಅನ್ನಿಸುವುದು ಸಹಜವೇ.

ಚಿತ್ರಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. 1200 ಪಿಕ್ಸೆಲ್‌ನ ಚಿತ್ರವನ್ನು ಮ್ಯಾಕ್ಸ್-ವಿಡ್ತ್ ಒಂದನ್ನೇ ನಂಬಿ ಹಾಕಿದರೆ ಔಟ್‌ಲುಕ್ ಅದನ್ನು ಪೂರ್ಣ ಗಾತ್ರದಲ್ಲಿ ತೋರಿಸಿ ಇಡೀ ಟೇಬಲ್ಲನ್ನು ಹಿಗ್ಗಿಸಿಬಿಡುತ್ತದೆ. ಆದ್ದರಿಂದ ಚಿತ್ರ ಸೇರಿಸುವ ಐಎಂಜಿ ಟ್ಯಾಗ್‌ನೊಳಗೇ ವಿಡ್ತ್ (ಅಗಲ) ಅನ್ನು 600 ಎಂದು ಬರೆದು, ಚಿತ್ರದ ಕೆಳಗೆ ಉಳಿಯುವ ಬಿಳಿ ಸಂದನ್ನು ತಪ್ಪಿಸಲು ಡಿಸ್‌ಪ್ಲೇ ಬ್ಲಾಕ್ ಎಂಬ ಶೈಲಿಯನ್ನೂ ಸೇರಿಸಬೇಕು. ಹಲವರ ಇನ್‌ಬಾಕ್ಸ್‌ನಲ್ಲಿ ಚಿತ್ರಗಳು ತಾವಾಗಿ ತೆರೆದುಕೊಳ್ಳುವುದಿಲ್ಲವಾದ್ದರಿಂದ ಚಿತ್ರದ ಬದಲು ಕಾಣುವ ಆಲ್ಟ್ ಪಠ್ಯ ಖಾಲಿಯಿರಬಾರದು. ಬಟನ್ನನ್ನು ಚಿತ್ರವಾಗಿ ಇಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಬಣ್ಣ, ಅಕ್ಷರ, ಅಂತರಗಳ ಶೈಲಿಯನ್ನು ಸೂಚಿಸುವ ಸಿಎಸ್‌ಎಸ್‌ನ ಮುಖ್ಯ ಭಾಗವನ್ನು ಆಯಾ ಟ್ಯಾಗ್‌ನಲ್ಲೇ ಇನ್‌ಲೈನ್ ಆಗಿ ಬರೆಯಿರಿ. ಎಚ್‌ಟಿಎಂಎಲ್‌ನ ಆರಂಭದ ಹೆಡ್ ಭಾಗದಲ್ಲಿರುವ ಶೈಲಿಯನ್ನು ಜಿಮೇಲ್ ಎಲ್ಲ ಸಂದರ್ಭಗಳಲ್ಲೂ ಉಳಿಸುವುದಿಲ್ಲ. ಎಚ್‌ಟಿಎಂಎಲ್‌ನ ಗಾತ್ರ ಸುಮಾರು 102 ಕೆಬಿ ಮೀರಿದರೆ ಜಿಮೇಲ್ ಉಳಿದ ಭಾಗವನ್ನು ಮರೆಮಾಡಿ ಪೂರ್ಣ ಸಂದೇಶ ನೋಡಲು ಕೊಂಡಿಯೊಂದನ್ನು ಮಾತ್ರ ತೋರಿಸುತ್ತದೆ, ಮತ್ತು ಹಾಗೆ ಮರೆಯಾಗುವುದು ಸಾಮಾನ್ಯವಾಗಿ ಕೊನೆಯಲ್ಲಿರುವ ಅನ್‌ಸಬ್‌ಸ್ಕ್ರೈಬ್ ಕೊಂಡಿಯೇ.