ಸ್ಪೇಸ್ ಥೀಮ್ ಫ್ಯಾನ್ಸಿ ಡ್ರೆಸ್ ಪಾರ್ಟಿ ಮಾಡೋದು ಹೇಗೆ: ಮೊದ್ಲು ಕತ್ತಲು, ಆಮೇಲೆ ಡ್ರೆಸ್ಸು

ಸ್ಪೇಸ್ ಥೀಮ್ ಅಂದ ತಕ್ಷಣ ಸುಮಾರು ಜನ ಮಾಡೋದು ಒಂದೇ ಕೆಲಸ, ಅಲ್ಯುಮಿನಿಯಂ ಫಾಯಿಲ್ ರೋಲ್ ತಂದು ಗೋಡೆಗೆ, ಟೇಬಲ್‌ಗೆ, ಮೈಗೆ ಸಿಕ್ಕಿದ ಕಡೆಯೆಲ್ಲಾ ಸುತ್ತಿಬಿಡೋದು. ಟ್ಯೂಬ್‌ಲೈಟ್ ಬೆಳಕಲ್ಲಿ ಅದು ಪಳಪಳ ಹೊಳೆಯತ್ತೆ ಅಷ್ಟೇ, ಬಾಹ್ಯಾಕಾಶಕ್ಕೆ ಬಂದ್ವಿ ಅಂತ ಯಾರಿಗೂ ಅನ್ಸಲ್ಲ. ಬಾಹ್ಯಾಕಾಶದಲ್ಲಿ ಇರೋದು ಮುಖ್ಯವಾಗಿ ಕತ್ತಲು, ಅದ್ರ ಮಧ್ಯೆ ಅಲ್ಲಲ್ಲಿ ಬೆಳಕು. ಅದಕ್ಕೇ ನನ್ನ ಪ್ರಕಾರ ಮೊದ್ಲು ರೂಮಿನ ಬೆಳಕು ಹೇಗಿರ್ಬೇಕು ಅಂತ ತೀರ್ಮಾನ ಮಾಡಿ, ಆಮೇಲೆ ಡೆಕೊರೇಶನ್, ಆಮೇಲೆ ಡ್ರೆಸ್. ಇನ್ನೊಂದು, ಪ್ರತಿ ವೇಷದಲ್ಲೂ ಒಂದೇ ಒಂದು ನಿಜವಾದ ವಿವರ ಇರ್ಲಿ. ಅದೊಂದಿದ್ರೆ ಖರ್ಚು ಮಾಡಿ ತಂದ ಬಾಡಿಗೆ ಡ್ರೆಸ್‌ಗಿಂತ ಮನೇಲಿ ಮಾಡಿದ್ದೇ ಚೆನ್ನಾಗಿ ಕಾಣತ್ತೆ.

ಯಾವ ಸ್ಪೇಸು?

"ಸ್ಪೇಸ್" ಅಂತ ಬರೀ ಒಂದು ಪದ ಹೇಳಿ ಕರೆದ್ರೆ ಬರೋರಲ್ಲಿ ಅರ್ಧ ಜನ ತಲೆ ಮೇಲೆ ಎರಡು ಸ್ಪ್ರಿಂಗ್ ಹಾಕ್ಕೊಂಡು ಏಲಿಯನ್ ಆಗಿ ಬರ್ತಾರೆ, ಉಳಿದೋರು ಮಾಮೂಲಿ ಬಟ್ಟೇಲೇ ಬರ್ತಾರೆ. ಸ್ವಲ್ಪ ಚಿಕ್ಕದು ಮಾಡಿ. ಚಂದ್ರನ ಮೇಲಿನ ಒಂದು ದಿನ, ಸೌರಮಂಡಲ, ಬಾಹ್ಯಾಕಾಶ ಇತಿಹಾಸ, ಬೇರೆ ಲೋಕದ ಜೀವಿಗಳು, ಇವುಗಳಲ್ಲಿ ಒಂದನ್ನ ಹಿಡ್ಕೊಳ್ಳಿ. ಚಿಕ್ಕ ಮಕ್ಕಳಿದ್ರೆ ಸೌರಮಂಡಲ ಒಳ್ಳೇದು, ಬಣ್ಣ ಬಣ್ಣದ ಗ್ರಹ ಆಗೋಕೆ ಎಲ್ರಿಗೂ ಇಷ್ಟ. ದೊಡ್ಡೋರೇ ಜಾಸ್ತಿ ಇದ್ರೆ ಇತಿಹಾಸ ತಗೊಳ್ಳಿ, ಯೋಚನೆ ಮಾಡೋಕೆ ಜಾಗ ಇರತ್ತೆ.

ದಿನಾಂಕ ನಿಮ್ಮ ಕೈಲಿದ್ರೆ ಅದನ್ನೂ ಥೀಮ್‌ಗೆ ಸೇರಿಸ್ಕೊಬಹುದು. ಏಪ್ರಿಲ್ 12 ಅಂದ್ರೆ 1961ರಲ್ಲಿ ಯೂರಿ ಗಗಾರಿನ್ ಮೊದಲ ಸಲ ಬಾಹ್ಯಾಕಾಶಕ್ಕೆ ಹೋದ ದಿನ, ಜುಲೈ 20 ಅಂದ್ರೆ 1969ರಲ್ಲಿ ಅಪೊಲೊ 11 ಚಂದ್ರನ ಮೇಲೆ ಇಳಿದ ದಿನ. ಅಕ್ಟೋಬರ್ 4ರಿಂದ 10ರವರೆಗೆ ವಿಶ್ವ ಬಾಹ್ಯಾಕಾಶ ಸಪ್ತಾಹ ಇರತ್ತೆ, ಅದು ಶುರುವಾಗೋ ದಿನ 1957ರಲ್ಲಿ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿದ ದಿನ. ಕರೆಯೋದು ಮಾತ್ರ ಮೂರು ವಾರ ಮುಂಚೆನೇ ಕರೀರಿ, ಯಾಕಂದ್ರೆ ಹೆಲ್ಮೆಟ್ ಒಣಗೋಕೇ ದಿನಗಳು ಬೇಕು. ಮೆಸೇಜಲ್ಲಿ ಥೀಮ್ ಜೊತೆಗೆ ಒಂದು ಮಾತು ಹಾಕಿ: ಕೂತ್ಕೊಳ್ಳೋಕೆ, ಬಾಗಿಲಲ್ಲಿ ನುಗ್ಗೋಕೆ, ಬಾತ್‌ರೂಮಿಗೆ ಹೋಗೋಕೆ ಆಗೋ ಥರ ಡ್ರೆಸ್ ಮಾಡ್ಕೊಳ್ಳಿ ಅಂತ. ಇದನ್ನ ಯಾರೂ ಮೊದ್ಲೇ ಯೋಚನೆ ಮಾಡಲ್ಲ.

ಕತ್ತಲು ಮಾಡೋದು

ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಅಥವಾ ಕಪ್ಪು ಚಾರ್ಟ್ ಪೇಪರ್. ಮೇಲಿನ ಲೈಟೆಲ್ಲಾ ಆಫ್. ಬೆಳಕು ಕೆಳಗಿನಿಂದ ಇಲ್ಲಾ ಪಕ್ಕದಿಂದ ಬರ್ಲಿ, ಒಂದೋ ಎರಡೋ ಟೇಬಲ್ ಲ್ಯಾಂಪ್‌ನ ಗೋಡೆ ಕಡೆ ತಿರುಗಿಸಿಟ್ರೆ ಸಾಕು. ಚಂದ್ರನ ಮೇಲೆ ಗಾಳಿ ಇಲ್ಲ, ಹಾಗಾಗಿ ಹಗಲಲ್ಲೂ ಆಕಾಶ ಕಪ್ಪಗೇ ಕಾಣತ್ತೆ, ನೆರಳು ಕತ್ತರಿಸಿದ ಹಾಗೆ ಚೂಪಾಗಿ ಬೀಳತ್ತೆ. ಒಂದೇ ಕಡೆಯಿಂದ ಜೋರಾಗಿ ಒಂದು ಬಿಳಿ ಲೈಟ್ ಬಿಟ್ರೆ ಆ ಥರದ ನೆರಳು ತಾನಾಗೇ ಬರತ್ತೆ, ಫೋಟೋ ತೆಗೆಯೋ ಮೂಲೆಗೆ ಇದನ್ನೇ ಮಾಡಿ.

ನಕ್ಷತ್ರಕ್ಕೆ ಎರಡು ದಾರಿ. ಮೊದಲನೇದು, ದೊಡ್ಡ ಕಪ್ಪು ರಟ್ಟಿಗೆ ಸೂಜೀಲಿ, ಮೊಳೇಲಿ ಚಿಕ್ಕದು ದೊಡ್ಡದು ತೂತು ಮಾಡಿ ಹಿಂದೆ ಸೀರಿಯಲ್ ಲೈಟ್ ಬಿಡೋದು. ತೂತುಗಳು ಸಮ ಅಂತರದಲ್ಲಿ ಇರಬಾರ್ದು, ಒಂದು ಕಡೆ ಗುಂಪು, ಇನ್ನೊಂದು ಕಡೆ ಖಾಲಿ, ಆಗ್ಲೇ ಆಕಾಶ ಅನ್ಸೋದು. ಎರಡನೇದು ಇನ್ನೂ ಸುಲಭ, ಹಳೇ ಟೂತ್‌ಬ್ರಶ್‌ನ ಬಿಳಿ ಬಣ್ಣದಲ್ಲಿ ಅದ್ದಿ ಹೆಬ್ಬೆರಳಲ್ಲಿ ಕಪ್ಪು ಬಟ್ಟೆ ಮೇಲೆ ಚಿಮುಕಿಸೋದು. ರೇಡಿಯಂ ಸ್ಟಿಕ್ಕರ್ ಅಂಟಿಸೋದಾದ್ರೆ ಪಾರ್ಟಿಗೆ ಮುಂಚೆ ರೂಮಿನ ಲೈಟ್ ಹಾಕಿ ಚೆನ್ನಾಗಿ ಬೆಳಕು ಕುಡಿಸಿ, ಇಲ್ಲಾಂದ್ರೆ ಹೊಳೆಯಲ್ಲ. ನೆಬ್ಯುಲಾ, ಅಂದ್ರೆ ಬಾಹ್ಯಾಕಾಶದ ಧೂಳು ಅನಿಲದ ಮೋಡ, ಬೇಕಂದ್ರೆ ದಿಂಬಿಗೆ ತುಂಬೋ ಫೈಬರ್‌ನ ತೆಳ್ಳಗೆ ಎಳೆದು ಒಳಗೆ ಬ್ಯಾಟರಿಯ ಎಲ್ಇಡಿ ಸರ ಇಟ್ಟು ಮೇಲಿಂದ ತೂಗುಬಿಡಿ, ಗುಲಾಬಿ ನೀಲಿ ಎರಡು ಬಣ್ಣ ಸಾಕು. ಬಿಸಿ ಆಗೋ ಬಲ್ಬು, ಕ್ಯಾಂಡಲ್ ಇದ್ರ ಹತ್ರಾನೂ ಬರಬಾರ್ದು. ಹೊಗೆ ಬರ್ಲಿ ಅಂತ ಡ್ರೈ ಐಸ್ ತರೋರಿದ್ದಾರೆ, ದಯವಿಟ್ಟು ಬೇಡ, ಅದು ಕಾರ್ಬನ್ ಡೈಆಕ್ಸೈಡ್, ಕಿಟಕಿ ಮುಚ್ಚಿರೋ ರೂಮಲ್ಲಿ ಅದು ಕೆಳಗೇ ತುಂಬ್ಕೊಳ್ಳತ್ತೆ, ಮಕ್ಕಳಿರೋದೂ ಕೆಳಗೇ.

ನಡೆಯೋ ದಾರಿ, ಮೆಟ್ಟಿಲು, ಬಾತ್‌ರೂಮ್ ಬಾಗಿಲ ಹತ್ರ ಮಾತ್ರ ನೆಲದ ಉದ್ದಕ್ಕೆ ಲೈಟ್ ಸರ ಅಂಟಿಸಿ, ರನ್‌ವೇ ಥರಾನೂ ಕಾಣತ್ತೆ, ಹೆಲ್ಮೆಟ್ ಹಾಕಿರೋರು ಎಡವೋದೂ ತಪ್ಪತ್ತೆ.

ಗ್ರಹಗಳು ಸರಿ ಸೈಜಲ್ಲಿ

ಎಲ್ಲಾ ಒಂದೇ ಸೈಜ್ ಬಲೂನ್ ನೇತಾಕೋ ಬದಲು ಅಳತೆ ಇಟ್ಟು ಮಾಡಿ ನೋಡಿ, ಬಂದೋರು ನಿಂತು ನೋಡ್ತಾರೆ. ಭೂಮಿ 1 ಸೆಂಟಿಮೀಟರ್ ಮಣಿ ಅಂತ ಇಟ್ಕೊಂಡ್ರೆ ಶುಕ್ರ ಹೆಚ್ಚುಕಮ್ಮಿ ಅಷ್ಟೇ, ಮಂಗಳ ಅದ್ರ ಅರ್ಧ, ಬುಧ ಇನ್ನೂ ಚಿಕ್ಕದು, ಯುರೇನಸ್ ನೆಪ್ಚೂನ್ ಎರಡೂ ಸುಮಾರು 4 ಸೆಂಟಿಮೀಟರ್, ಶನಿ 9ಕ್ಕಿಂತ ಸ್ವಲ್ಪ ಜಾಸ್ತಿ, ಗುರು 11. ಸೂರ್ಯ 109 ಸೆಂಟಿಮೀಟರ್, ಅಂದ್ರೆ ಒಂದು ಇಡೀ ಗೋಡೆ ಮೇಲೆ ಹಳದಿ ಬಟ್ಟೆ ವೃತ್ತ. ದೂರಾನೂ ಅಳತೇಲೇ ಇಡೋಕೆ ಹೋಗಬೇಡಿ, ಈ ಲೆಕ್ಕದಲ್ಲಿ ಭೂಮಿನೇ ಸೂರ್ಯನಿಂದ 117 ಮೀಟರ್ ಆಚೆ ಹೋಗತ್ತೆ.

ಬಣ್ಣ: ಬುಧ ಬೂದಿ, ಶುಕ್ರ ಕೆನೆ ಹಳದಿ, ಮಂಗಳ ತುಕ್ಕಿನ ಬಣ್ಣ (ಅಲ್ಲಿರೋದೂ ಕಬ್ಬಿಣದ ತುಕ್ಕೇ), ಗುರುಗೆ ಕಂದು ಬಿಳಿ ಪಟ್ಟೆ ಮತ್ತೆ ಕೆಳಗಿನ ಅರ್ಧದಲ್ಲಿ ಒಂದು ಕೆಂಪು ಚುಕ್ಕೆ, ಶನಿ ಮಸುಕು ಚಿನ್ನ, ಯುರೇನಸ್ ತಿಳಿ ಹಸಿರುನೀಲಿ, ನೆಪ್ಚೂನ್ ಅದಕ್ಕಿಂತ ಸ್ವಲ್ಪ ನೀಲಿ. ಯುರೇನಸ್ ಅಡ್ಡ ಮಲಗಿರೋ ಗ್ರಹ, ಅದ್ರ ಉಂಗುರ ಮಾಡೋದಾದ್ರೆ ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲಿಸಿ. ಥರ್ಮಾಕೋಲ್ ಬಾಲ್ ತಗೊಂಡ್ರೆ ಸ್ಪ್ರೇ ಪೇಂಟ್ ಹೊಡೀಬೇಡಿ, ಅದ್ರಲ್ಲಿರೋ ಸಾಲ್ವೆಂಟ್‌ಗೆ ಥರ್ಮಾಕೋಲ್ ಕರಗಿ ಗುಂಡಿ ಬೀಳತ್ತೆ, ಅಕ್ರಿಲಿಕ್ ಇಲ್ಲಾ ಪೋಸ್ಟರ್ ಕಲರ್ ಹಚ್ಚಿ.

ಗಗನಯಾತ್ರಿ ಡ್ರೆಸ್, ಸರಿಯಾಗಿ

ಗಗನಯಾತ್ರಿ ವೇಷ ಎರಡು ಥರ ಇದೆ, ಎರಡನ್ನೂ ಕಲಸಬೇಡಿ. ನೌಕೆಯಿಂದ ಹೊರಗೆ ಬಂದು ಕೆಲಸ ಮಾಡೋಕೆ ಹಾಕೋದು ಬಿಳಿ, ಬಿಸಿಲಿನ ಶಾಖ ವಾಪಸ್ ಕಳಿಸೋಕೆ. ಸ್ಪೇಸ್ ಶಟಲ್‌ನೋರು ಹಾರೋವಾಗ, ಇಳಿಯೋವಾಗ ಹಾಕ್ತಿದ್ದಿದ್ದು ಕಿತ್ತಳೆ, ಎಲ್ಲಾದ್ರೂ ಸಮುದ್ರಕ್ಕೆ ಬಿದ್ರೆ ಹುಡುಕೋರಿಗೆ ದೂರದಿಂದ ಕಾಣ್ಲಿ ಅಂತ. ಕಡಿಮೆ ಟೈಮ್ ಇದ್ರೆ ಕಿತ್ತಳೆ ಮಾಡಿ, ಒಂದು ಕಿತ್ತಳೆ ಓವರಾಲ್, ಕಪ್ಪು ಬೂಟು, ತೋಳಿಗೊಂದು ಮಿಷನ್ ಬ್ಯಾಡ್ಜ್, ಮುಗೀತು. ಗಗಾರಿನ್, 1963ರಲ್ಲಿ ಹೋದ ಮೊದಲ ಮಹಿಳೆ ವಾಲೆಂಟಿನಾ ತೆರೆಶ್ಕೋವಾ, ಇಬ್ಬರದ್ದೂ ಕಿತ್ತಳೆ ಸೂಟ್, ಬಿಳಿ ಹೆಲ್ಮೆಟ್.

ಬಿಳಿ ಸೂಟ್ ಮಾಡೋದಾದ್ರೆ ಒಂದು ಸೈಜ್ ದೊಡ್ಡದಿರೋ ಬಿಳಿ ಟ್ರ್ಯಾಕ್ ಪ್ಯಾಂಟ್, ಬಿಳಿ ಜಾಕೆಟ್ ತಗೊಂಡು ಮೊಣಕಾಲು ಮೊಣಕೈ ಹತ್ರ ಮಾತ್ರ ಒಳಗೆ ಫೈಬರ್ ತುಂಬಿ, ಅದ್ರ ಮೇಲೂ ಕೆಳಗೂ ಎಲಾಸ್ಟಿಕ್ ಹಾಕಿ. ಎಲ್ಲಾ ಕಡೆ ತುಂಬಿದ್ರೆ ಸೆಖೆ ಆಗಿ ಅರ್ಧ ಗಂಟೇಲಿ ಬಿಚ್ಚಿಡ್ತೀರಿ. ಎದೆಗೆ ಒಂದು ಚಿಕ್ಕ ರಟ್ಟಿನ ಡಬ್ಬ, ಅದ್ರಿಂದ ಬೆನ್ನಿಗೆ ವಾಷಿಂಗ್ ಮಷೀನ್ ನೀರು ಬಿಡೋ ಸುಕ್ಕು ಪೈಪ್. ಇಲ್ಲೊಂದು ಚೆಂದದ ವಿಷಯ ಇದೆ. ನಿಜವಾದ ಸೂಟಲ್ಲಿ ಎದೆ ಮೇಲಿನ ಕಂಟ್ರೋಲ್‌ಗಳು ಹೆಲ್ಮೆಟ್ ಒಳಗಿಂದ ನೇರ ಕಾಣಲ್ಲ, ಅದಕ್ಕೆ ಅಲ್ಲಿನ ಅಕ್ಷರಗಳನ್ನ ತಿರುಗುಮುರುಗಾಗಿ ಬರೆದಿರ್ತಾರೆ, ಮಣಿಕಟ್ಟಲ್ಲಿ ಒಂದು ಚಿಕ್ಕ ಕನ್ನಡಿ ಇರತ್ತೆ, ಅದ್ರಲ್ಲಿ ನೋಡಿ ಓದ್ತಾರೆ. ನಿಮ್ಮ ಡಬ್ಬದ ಮೇಲೂ "ಆಮ್ಲಜನಕ" ಅಂತ ಕನ್ನಡಿ ಅಕ್ಷರದಲ್ಲಿ ಬರೆದು ಕೈಗೆ ಒಂದು ಪುಟ್ಟ ಕನ್ನಡಿ ಕಟ್ಕೊಳ್ಳಿ, ಮಕ್ಕಳು ನಿಮ್ಮನ್ನ ಬಿಡೋದೇ ಇಲ್ಲ.

ಇಬ್ಬರು ಬಿಳಿ ಸೂಟಲ್ಲಿ ಬಂದ್ರೆ ಫೋಟೋದಲ್ಲಿ ಯಾರು ಯಾರು ಅಂತ ಗೊತ್ತಾಗಲ್ಲ, ಅಪೊಲೊದಲ್ಲೂ ಇದೇ ತೊಂದ್ರೆ ಆಗಿ ಆಮೇಲೆ ಕಮಾಂಡರ್ ಸೂಟಿಗೆ ಕೆಂಪು ಪಟ್ಟಿ ಹಾಕಿದ್ರು, 1971ರಲ್ಲಿ ಅಪೊಲೊ 14ರ ಫೋಟೋಗಳಲ್ಲಿ ಅದು ಕಾಣತ್ತೆ. ಒಬ್ರ ತೋಳು ಕಾಲಿಗೆ ಕೆಂಪು ಟೇಪ್ ಸುತ್ತಿ.

ಹೆಲ್ಮೆಟ್‌ಗೆ ಬಲೂನ್‌ನ ಅಡ್ಡಕ್ಕೆ 30 ಸೆಂಟಿಮೀಟರ್ ಆಗೋಷ್ಟು ಊದಿ, ಇದಕ್ಕಿಂತ ಚಿಕ್ಕದಾದ್ರೆ ಕಿವಿಗೆ ಒತ್ತತ್ತೆ. ಪೇಪರನ್ನ ಎರಡು ಬೆರಳಗಲ ಕೈಯಲ್ಲೇ ಹರೀರಿ, ಕತ್ತರಿ ಬೇಡ, ಹರಿದ ಅಂಚು ಚೆನ್ನಾಗಿ ಕೂರತ್ತೆ. ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಕಲಸಿ, ಪಟ್ಟಿನ ಅದ್ದಿ, ಬೆರಳ ಮಧ್ಯೆ ಎಳೆದು ಜಾಸ್ತಿ ಅಂಟು ತೆಗೆದು ಅಂಟಿಸ್ತಾ ಹೋಗಿ. ಒಂದು ಪದರ ಅಡ್ಡ, ಇನ್ನೊಂದು ಉದ್ದ. ನಾಲ್ಕೈದು ಪದರ ಬೇಕು, ಎರಡು ಪದರ ಆದ್ಮೇಲೆ ಪೂರ್ತಿ ಒಣಗೋಕೆ ಬಿಟ್ಟು ಮತ್ತೆ ಮುಂದುವರೆಸಿ. ತಟ್ಟಿದ್ರೆ ಟಕಟಕ ಅನ್ನೋವರೆಗೂ ಬಲೂನ್ ಒಡೀಬೇಡಿ, ಒಳಗೆ ಹಸಿ ಇದ್ರೆ ಹೆಲ್ಮೆಟ್ ಸೊಟ್ಟ ಆಗತ್ತೆ. ಆಮೇಲೆ ಕೆಳಗೆ ತಲೆ ತೂರೋಷ್ಟು, ಮುಂದೆ ಹಣೆಯಿಂದ ಗದ್ದದವರೆಗೆ ಕತ್ತರಿಸಿ, ಅಂಚಿಗೆ ಫೋಮ್ ಅಂಟಿಸಿ, ಬಿಳಿ ಬಣ್ಣ ಹಚ್ಚಿ. ಮುಖದ ಮುಂದೆ ಪ್ಲಾಸ್ಟಿಕ್ ಶೀಟ್ ಹಾಕ್ಲೇಬೇಡಿ, ಉಸಿರು ಕಟ್ಟತ್ತೆ, ಮಂಜೂ ಕಟ್ಟತ್ತೆ. ಬದಲಿಗೆ ಚಿನ್ನದ ಬಣ್ಣದ ಶೀಟ್‌ನ ಹಣೆ ಮೇಲಕ್ಕೆ ಎತ್ತಿಟ್ಟ ಹಾಗೆ ಅಂಟಿಸಿ. ನಿಜವಾದ ವೈಸರ್‌ಗೆ (ಹೆಲ್ಮೆಟ್‌ನ ಮುಖದ ಮುಂದಿನ ಪರದೆ) ತೆಳ್ಳಗೆ ಚಿನ್ನ ಲೇಪಿಸಿರ್ತಾರೆ, ಬಿಸಿಲಿನಿಂದ ಕಣ್ಣು ಕಾಪಾಡೋಕೆ, ನೆರಳಲ್ಲಿದ್ದಾಗ ಅದನ್ನ ಮೇಲಕ್ಕೆ ಎತ್ತಬಹುದು. ಹಾಗಾಗಿ ನಿಮ್ಮದು ತಪ್ಪೇನಲ್ಲ.

ಬೆನ್ನಿಗೆ ಜೆಟ್‌ಪ್ಯಾಕ್ ಬೇಕಂದ್ರೆ ಎರಡು ಲೀಟರಿನ ಎರಡು ಬಾಟಲಿ ತಲೆಕೆಳಗಾಗಿ ಜೋಡಿಸಿ ಬೆಳ್ಳಿ ಬಣ್ಣ ಹೊಡೆದು, ಮುಚ್ಚಳದ ಕಡೆಯಿಂದ ಕೆಂಪು ಹಳದಿ ಬಟ್ಟೆ ಪಟ್ಟಿ ಇಳಿಬಿಡಿ.

ಎಲ್ರೂ ಗಗನಯಾತ್ರಿನೇ ಆಗ್ಬೇಕಾಗಿಲ್ಲ

ನನಗೆ ತುಂಬಾ ಇಷ್ಟ ಆಗೋದು ಬಾಹ್ಯಾಕಾಶದಲ್ಲಿರೋ ಜೇಮ್ಸ್ ವೆಬ್ ಟೆಲಿಸ್ಕೋಪ್ ವೇಷ. ಅದ್ರ ಕನ್ನಡಿ 18 ಷಟ್ಕೋನಗಳದ್ದು, ಚಿನ್ನ ಲೇಪಿಸಿದ್ದು, ಸರಿಯಾಗಿ ನಡುವೆ ಒಂದು ಷಟ್ಕೋನದ ಜಾಗ ಖಾಲಿ. ಆ ಖಾಲಿ ಜಾಗದಲ್ಲಿ ನಿಮ್ಮ ಮುಖ! ರಟ್ಟಿನಲ್ಲಿ ಮುಖದಷ್ಟು ಷಟ್ಕೋನ ಕತ್ತರಿಸಿ ತೂತು ಮಾಡಿ, ಸುತ್ತ ಮೊದಲ ಸಾಲಲ್ಲಿ 6, ಎರಡನೇ ಸಾಲಲ್ಲಿ 12 ಚಿನ್ನದ ಕಾಗದ ಅಂಟಿಸಿ. ಕೆಳಗೆ ಐದು ಪದರದ ಬೆಳ್ಳಿ ಬಟ್ಟೆ ಲಂಗ ಹಾಕಿದ್ರೆ ಅದ್ರ ಸನ್‌ಶೀಲ್ಡ್ (ಬಿಸಿಲು ತಡೆಯೋ ಪರದೆ) ಕೂಡ ಆಯ್ತು, ಅದಕ್ಕೂ ಐದೇ ಪದರ. ಫಾಯಿಲ್ ಬಳಸಲೇಬೇಕು ಅನ್ನೋರು ಸ್ಪುಟ್ನಿಕ್ ಆಗಿ, 58 ಸೆಂಟಿಮೀಟರಿನ ಹೊಳೆಯೋ ಲೋಹದ ಗುಂಡು, ಹಿಂದಕ್ಕೆ ಬಾಗಿದ ನಾಲ್ಕು ಆಂಟೆನಾ ಅಷ್ಟೇ ಅದು. ಆಂಟೆನಾಗೆ ಕಡ್ಡಿ ಬೇಡ, ಮೆತ್ತನೆ ಫೋಮ್ ಟ್ಯೂಬ್, ಪಕ್ಕದೋರ ಕಣ್ಣಿಗೆ ತಾಗಬಾರ್ದು ನೋಡಿ.

ಬ್ಲ್ಯಾಕ್ ಹೋಲ್ ಮಾಡೋದು ಇನ್ನೂ ಸುಲಭ: ಪೂರ್ತಿ ಕಪ್ಪು ಬಟ್ಟೆ, ಎದೆ ಮೇಲೆ ಕಿತ್ತಳೆ ಬಣ್ಣದ ಮಸುಕು ಉಂಗುರ. 2019ರಲ್ಲಿ ಬಂದ ಮೊದಲ ಚಿತ್ರದಲ್ಲಿ ಉಂಗುರದ ಕೆಳಭಾಗ ಜಾಸ್ತಿ ಹೊಳೀತಿತ್ತು, ನೀವೂ ಕೆಳಗೆ ಎರಡು ಸುತ್ತು ಲೈಟ್ ಸರ, ಮೇಲೆ ಒಂದೇ ಸುತ್ತು ಹಾಕಿ. ಧೂಮಕೇತು ಆಗೋರು ಎರಡು ಬಾಲ ಹಾಕ್ಕೊಳ್ಳಿ, ಒಂದು ಕೆನೆ ಬಣ್ಣದ ಧೂಳಿನ ಬಾಲ, ಒಂದು ನೀಲಿ. ಬಾಲ ಯಾವಾಗ್ಲೂ ಸೂರ್ಯನಿಗೆ ವಿರುದ್ಧ ದಿಕ್ಕಲ್ಲೇ ಇರತ್ತೆ, ಗುಂಪು ಫೋಟೋದಲ್ಲಿ ಸೂರ್ಯನ ವೇಷದೋರು ಎಲ್ಲಿ ನಿಂತಿದ್ದಾರೆ ನೋಡಿ ತಿರುಗಿಸ್ಕೊಳ್ಳಿ. ಶನಿಯ ಉಂಗುರ ಸೊಂಟಕ್ಕೆ ವೆಲ್ಕ್ರೋದಲ್ಲಿ ಸಿಕ್ಕಿಸಿ, ಕೂರೋವಾಗ ತೆಗೆದಿಡಬಹುದು. ವೇಷ ಮಾಡೋಕೆ ಟೈಮೇ ಸಿಗದೋರಿಗೆ ಪ್ಲೂಟೊ: ಕಂದು ಟೀಶರ್ಟ್, ಅದ್ರ ಮೇಲೆ ತಿಳಿ ಬಣ್ಣದ ಒಂದು ಹೃದಯ, ಪ್ಲೂಟೊ ಮೇಲೆ ಆ ಆಕಾರದ ಜಾಗ ಇದೆ.

ಏಲಿಯನ್‌ಗೆ ಮುಖಕ್ಕೆ ಬಣ್ಣ ಹಚ್ಚೋದಾದ್ರೆ ಹಿಂದಿನ ದಿನಾನೇ ಮುಂಗೈಗೆ ಸ್ವಲ್ಪ ಹಚ್ಚಿ ನೋಡಿ. ಕ್ರಾಫ್ಟ್ ಗ್ಲಿಟರ್ ಕಣ್ಣಿನ ಹತ್ರ ಬೇಡ.

ಪಾರ್ಟಿ ನಡೆಯೋವಾಗ

ಆಟ ಎರಡೇ ಇಟ್ಕೊಳ್ಳಿ, ಎರಡೂ ಥೀಮಿನೊಳಗಿಂದ್ಲೇ ಬಂದಿರ್ಲಿ. ಒಂದು, ದಪ್ಪ ಗ್ಲೌಸ್ ಹಾಕ್ಕೊಂಡು ಬೋಲ್ಟಿಗೆ ನಟ್ ತಿರುಗಿಸೋದು, ಯಾರು ಬೇಗ ಅಂತ. ಗಾಳಿ ತುಂಬಿದ ಗ್ಲೌಸಲ್ಲಿ ಬೆರಳು ಮಡಚೋದೇ ಗಗನಯಾತ್ರಿಗಳಿಗೆ ಕಷ್ಟದ ಕೆಲಸ, ಈ ಆಟ ಆಡಿದ್ರೆ ಅದು ಕೈಗೇ ಗೊತ್ತಾಗತ್ತೆ. ಇನ್ನೊಂದಕ್ಕೆ ಒಂದು ಬಾಸ್ಕೆಟ್‌ಬಾಲ್, ಒಂದು ಟೆನ್ನಿಸ್ ಬಾಲ್ ಸಾಕು. ಬಾಸ್ಕೆಟ್‌ಬಾಲ್ ಭೂಮಿ, ಟೆನ್ನಿಸ್ ಬಾಲ್ ಚಂದ್ರ, ಚಂದ್ರನ್ನ ಎಲ್ಲಿಡ್ತೀರಿ ಅಂತ ಎಲ್ರನ್ನೂ ಕೇಳಿ. ಹೆಚ್ಚಿನವರು ಒಂದು ಮೊಳ ದೂರ ಇಡ್ತಾರೆ. ಸರಿ ಉತ್ತರ ಸುಮಾರು 7 ಮೀಟರ್, ಭೂಮಿ ಚಂದ್ರರ ನಡುವೆ ಮೂವತ್ತು ಭೂಮಿ ಹಿಡಿಸತ್ತೆ. ರೂಮಿಂದ ಆಚೆ ಹೋಗಿ ಇಡ್ಬೇಕಾಗತ್ತೆ, ಅದೇ ಮಜಾ.

ಬಹುಮಾನಕ್ಕೆ "ಬೆಸ್ಟ್ ಡ್ರೆಸ್" ಅಂತ ಒಂದೇ ಇಡಬೇಡಿ, "ಅತಿ ನಿಖರ ವಿವರ" ಅಂತಾನೂ ಒಂದು ಇಡಿ. ಪ್ರತಿಯೊಬ್ರೂ ಮುಂದೆ ಬಂದು ತಮ್ಮ ವೇಷದ ಬಗ್ಗೆ ಒಂದು ನಿಜ ಸಂಗತಿ ಹೇಳ್ಬೇಕು, ಅರ್ಧ ನಿಮಿಷ ಸಾಕು, ನಾಚ್ಕೊಳ್ಳೋ ಮಕ್ಕಳಿಗೆ ಚೀಟೀಲಿ ಬರೆದುಕೊಡಿ. ಕುಡಿಯೋಕೆ ಎಲ್ಲಾ ಸ್ಟ್ರಾ ಇರೋ ಪೌಚ್‌ಗಳಲ್ಲೇ ಕೊಡಿ, ಬಾಹ್ಯಾಕಾಶದಲ್ಲೂ ಹಾಗೇ ಕುಡಿಯೋದು, ಗ್ಲೌಸ್ ಹಾಕಿರೋರಿಗೂ ಅನುಕೂಲ. ಗುಂಪು ಫೋಟೋ ಮಾತ್ರ ಶುರುವಲ್ಲೇ ತೆಗೀರಿ, ಒಂದು ಗಂಟೆ ಆದ್ಮೇಲೆ ಯಾರ ತಲೆ ಮೇಲೂ ಹೆಲ್ಮೆಟ್ ಇರಲ್ಲ. ಬಾಗಿಲ ಹತ್ರ ಒಂದು ಬುಟ್ಟೀಲಿ ಡಬಲ್ ಸೈಡ್ ಟೇಪ್, ಸೇಫ್ಟಿ ಪಿನ್, ಎಕ್ಸ್‌ಟ್ರಾ ಬ್ಯಾಟರಿ ಇಟ್ಟಿರಿ, ಬರೋ ದಾರೀಲೇ ಯಾರದ್ದಾದ್ರೂ ಆಂಟೆನಾ ಕಿತ್ಕೊಂಡಿರತ್ತೆ.